ಬೈಕಂಪಾಡಿಯಲ್ಲಿ ಕಟ್ಟಿಸಿದ ಪಾಚರ್: ತಿರುಳು ಬಿಳುಪಾಗಿಸುವ ಹಳೆಯ ಯಂತ್ರದ ಹೊಸ ಪ್ರತಿ ಹೇಗಿದೆ?

ಕಾಗದದ ತಿರುಳನ್ನು ಬಿಳುಪಾಗಿಸುವ ಯಂತ್ರ ಕೊಳ್ಳಲು ಹೊರಟವರು ಮೊದಲು ಕೇಳುವುದು, ಅದರಿಂದ ಎಷ್ಟು ಬೆಳ್ಳಗಿನ ಹಾಳೆ ಬರುತ್ತದೆ ಎಂದು. ಹಾಳೆ ಬೆಳ್ಳಗಾಗುವುದು ರಾಸಾಯನಿಕದ ಕೆಲಸ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ ಕೋಲಿನಿಂದ ತಿರುವಿದರೂ ಹತ್ತಿಯ ತಿರುಳು ಬೆಳ್ಳಗಾಗುತ್ತದೆ. ಯಂತ್ರದ ಯೋಗ್ಯತೆ ತಿಳಿಯುವುದು ಅದರ ನಂತರ, ತಿರುಳಿನೊಳಗೆ ಉಳಿದ ಕ್ಲೋರಿನ್ನಿನ ಅಂಶವನ್ನು ಅದು ಎಷ್ಟು ಚೆನ್ನಾಗಿ ತೊಳೆದು ಹೊರಹಾಕುತ್ತದೆ ಎನ್ನುವುದರಲ್ಲಿ. ಉಡುಪಿ ಸಮೀಪದ ನಮ್ಮ ಕೈಕಾಗದ ಘಟಕಕ್ಕಾಗಿ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಎಂಜಿನಿಯರಿಂಗ್ ವರ್ಕ್‌ಶಾಪಿನಲ್ಲಿ ಕಟ್ಟಿಸಿದ ಪಾಚರ್ ಯಂತ್ರವನ್ನು ಎರಡು ಮಳೆಗಾಲ ಬಳಸಿದ ಮೇಲೆ, ಈ ಅಳತೆಗೋಲನ್ನೇ ಮುಂದಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ಯಂತ್ರಕ್ಕೆ ಬ್ರಾಂಡ್ ಇಲ್ಲ. ಕೇಳಿದವರಿಗೆ ಮಾತ್ರ ಮಾಡಿಕೊಡುವ ವಸ್ತು ಇದು. ಆದುದರಿಂದ ನನ್ನ ಮಾತು ಒಂದು ಅಂಗಡಿಗಿಂತ ಹೆಚ್ಚಾಗಿ ಈ ಮಾದರಿಯ ವಿನ್ಯಾಸಕ್ಕೆ, ಅದನ್ನು ನಮ್ಮ ಕರಾವಳಿಯಲ್ಲಿ ಕಟ್ಟಿಸುವವರಿಗೆ ಅನ್ವಯಿಸುತ್ತದೆ.

ಪಾಚರ್ ಎಂದರೆ ಎರಡು ತುದಿ ದುಂಡಾಗಿರುವ ಉದ್ದನೆಯ ತೊಟ್ಟಿ. ಅದರ ನಡುವೆ ಉದ್ದಕ್ಕೆ ಒಂದು ಗೋಡೆ ನಿಂತಿರುತ್ತದೆ. ಆ ಗೋಡೆ ಎರಡೂ ತುದಿಗಳನ್ನು ಮುಟ್ಟುವುದಿಲ್ಲವಾದ್ದರಿಂದ ತಿರುಳು ಅದರ ಸುತ್ತ ಹರಿಯುತ್ತಿರಬಹುದು. ಒಂದು ಬದಿಯಲ್ಲಿ ಹಲಗೆಗಳನ್ನು ಕೂಡಿಸಿದ ಉರುಳೆ ತಿರುಗುತ್ತದೆ. ಉರುಳೆಯ ಹಿಂದೆಯೇ ತೊಟ್ಟಿಯ ತಳ ದಿಬ್ಬದಂತೆ ಏರಿ, ಆಮೇಲೆ ಇಳಿಜಾರಾಗಿ ಕೆಳಗಿಳಿಯುತ್ತದೆ. ಉರುಳೆ ತಿರುಳನ್ನು ಈ ದಿಬ್ಬದ ನೆತ್ತಿಯಾಚೆಗೆ ಎಸೆಯುತ್ತದೆ, ಅಲ್ಲಿಂದ ಜಾರಿ ಇಳಿಯುವ ತಿರುಳಿನ ಎತ್ತರವೇ ಇಡೀ ಪ್ರವಾಹವನ್ನು ಸುತ್ತಿಸುತ್ತದೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ರೂಪಿಸಿದ ಹಾಲೆಂಡರ್ ಬೀಟರಿನ ಆಕಾರವೇ ಇದು. ವ್ಯತ್ಯಾಸವಿರುವುದು ಉರುಳೆಯಲ್ಲಿ: ಬೀಟರಿನ ಉರುಳೆಗೆ ಅಲಗುಗಳಿದ್ದು, ಅದರ ಕೆಳಗೆ ಅಲಗಿನ ತಟ್ಟೆಯೂ ಇರುತ್ತದೆ, ಎರಡರ ನಡುವೆ ಬಟ್ಟೆಯ ಚಿಂದಿ ಅರೆಯಲ್ಪಡುತ್ತದೆ. ಪಾಚರಿನಲ್ಲಿ ಆ ತಟ್ಟೆ ಇಲ್ಲ, ಉರುಳೆಯ ಹಲಗೆಗಳು ಮೊಂಡಾಗಿರುತ್ತವೆ. ಅದು ನಾರನ್ನು ಕತ್ತರಿಸುವುದಿಲ್ಲ. ಕಲಕುತ್ತದೆ, ತೊಳೆಯುತ್ತದೆ, ಬಿಳುಪು ದ್ರವವನ್ನು ಎಲ್ಲ ನಾರಿಗೂ ಸಮನಾಗಿ ಮುಟ್ಟಿಸುತ್ತದೆ.

ನಮ್ಮದು ಸುಮಾರು 250 ಲೀಟರ್ ಹಿಡಿಯುವ ತೊಟ್ಟಿ. ಶೇ. 4ರ ದಪ್ಪದಲ್ಲಿ, ಅಂದರೆ ನೂರು ಭಾಗ ತಿರುಳಿನಲ್ಲಿ ನಾಲ್ಕು ಭಾಗ ಒಣ ನಾರಿರುವಂತೆ, ಒಂದು ಸಲಕ್ಕೆ 10 ಕಿಲೋ ಒಣ ನಾರು ಹಾಕಬಹುದು. ಎರಡು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು, ಬೆಲ್ಟ್ ಮತ್ತು ಗೇರ್‌ಬಾಕ್ಸ್ ಮೂಲಕ ಉರುಳೆಯನ್ನು ನಿಧಾನವಾಗಿ ತಿರುಗಿಸುತ್ತದೆ. ನಾವು ಹಾಕುವುದು ಬನಿಯನ್ ಕಾರ್ಖಾನೆಗಳ ಹತ್ತಿ ತುಂಡು, ದರ್ಜಿ ಅಂಗಡಿಗಳ ಬಿಳಿ ಚಿಂದಿ ಮತ್ತು ಸ್ವಲ್ಪ ಬಾಳೆನಾರು. ಹೆಚ್ಚಿನ ಹಾಳೆ ಹಳೆಯ ಪುಸ್ತಕಗಳನ್ನು ಮತ್ತೆ ಕಟ್ಟುವವರಿಗೆ ಹೋಗುತ್ತದೆ. ತೊಳೆತದ ವಿಷಯದಲ್ಲಿ ನಾನು ಇಷ್ಟು ಪಟ್ಟು ಹಿಡಿಯುವುದಕ್ಕೆ ಅದೇ ಕಾರಣ: ಒಳಗುಳಿದ ಕ್ಲೋರಿನ್ ಹಾಳೆಯನ್ನು ಕ್ರಮೇಣ ಪುಡಿಯಾಗಿಸುತ್ತದೆ. ಮದುವೆಯ ಕಾಗದ ಒಂದು ತಿಂಗಳು ಬಾಳಿದರೆ ಸಾಕು, ಪುಸ್ತಕದ ರಕ್ಷಾಹಾಳೆ ಒಳಗಿನ ಪುಟಗಳಿಗಿಂತ ಹೆಚ್ಚು ಕಾಲ ಬಾಳಬೇಕು.

ಈ ಯಂತ್ರ ಏಕೆ ಹುಟ್ಟಿತು ಎಂದು ತಿಳಿದವರಿಗೆ ಅದರ ಪ್ರತಿಯೊಂದು ಭಾಗದ ಅರ್ಥ ತಿಳಿಯುತ್ತದೆ. ಕ್ಲೋರಿನ್ ಬರುವ ಮೊದಲು ಯುರೋಪಿನಲ್ಲಿ ಬಿಳಿ ಕಾಗದ ಬೇಕೆಂದರೆ ಬಿಳಿ ಚಿಂದಿಯೇ ಬೇಕಿತ್ತು. ಬಣ್ಣದ ಚಿಂದಿಯಿಂದ ಕಂದು ಕಾಗದ, ಬೂದು ಕಾಗದ, ರಟ್ಟು ಇವಿಷ್ಟೇ ಆಗುತ್ತಿದ್ದವು. ಸ್ವೀಡನ್ನಿನ ಶೀಲೆ 1774ರಲ್ಲಿ ಕ್ಲೋರಿನ್ ಅನಿಲವನ್ನು ಗುರುತಿಸಿದನು. ಫ್ರಾನ್ಸಿನ ಬೆರ್ತೊಲೆ 1785ರಲ್ಲಿ ಅದು ಬಟ್ಟೆಯ ಬಣ್ಣವನ್ನು ಕಳೆಯುತ್ತದೆಂದು ತೋರಿಸಿದನು. 1792ರಲ್ಲೇ ಇಂಗ್ಲೆಂಡಿನಲ್ಲಿ ಕಾಗದದ ಸಾಮಗ್ರಿಯನ್ನು ಕ್ಲೋರಿನ್ನಿನಿಂದ ಬಿಳುಪಾಗಿಸುವ ಪೇಟೆಂಟುಗಳು ದಾಖಲಾದವು. ಕ್ಲೆಮೆಂಟ್ ಮತ್ತು ಜಾರ್ಜ್ ಟೇಲರ್ ಅವರದು ಒಂದು, ಹೆಕ್ಟರ್ ಕ್ಯಾಂಬೆಲ್ ಅವರದು ಮತ್ತೊಂದು. ಏಳು ವರ್ಷಗಳ ನಂತರ, 1799ರಲ್ಲಿ, ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿ ಮಾಡಿದ ಪುಡಿಗೆ ಪೇಟೆಂಟ್ ಪಡೆದನು. ಇಂದಿಗೂ ನಮ್ಮ ಬಾವಿಗಳಿಗೆ ಹಾಕುವ ಬ್ಲೀಚಿಂಗ್ ಪೌಡರ್ ಅದೇ. ಅದೇ 1799ರಲ್ಲಿ ಫ್ರಾನ್ಸಿನ ಲೂಯಿ ನಿಕೊಲಾ ರಾಬರ್ಟ್ ನಿರಂತರವಾಗಿ ಹಾಳೆ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಕಾಗದದ ಇತಿಹಾಸದಲ್ಲಿ ದೊಡ್ಡ ಜೋಡಿ ಘಟನೆ: ಒಂದು ಕಡೆ ಹಾಳೆಯ ವೇಗ ಹೆಚ್ಚಿತು, ಇನ್ನೊಂದು ಕಡೆ ಯಾವ ಬಣ್ಣದ ಚಿಂದಿಯನ್ನಾದರೂ ಬಿಳಿ ಹಾಳೆಯಾಗಿಸುವ ದಾರಿ ತೆರೆಯಿತು.

ಮೊದಮೊದಲ ಬಿಳುಪು ಸಲಕರಣೆಗಳು ಪಾಚರಿನಂತೆ ಇರಲಿಲ್ಲ. ಅರ್ಧ ಅರೆದು ನೀರು ಬಸಿದ ಚಿಂದಿಯನ್ನು ಮರದ ಅಥವಾ ಕಲ್ಲಿನ ಕೋಣೆಯಲ್ಲಿ ಹರಡಿ, ಬಾಗಿಲ ಸಂದುಗಳನ್ನು ಮುಚ್ಚಿ, ಮ್ಯಾಂಗನೀಸ್ ಡಯಾಕ್ಸೈಡ್, ಉಪ್ಪು ಮತ್ತು ಗಂಧಕಾಮ್ಲವನ್ನು ಕಾಯಿಸಿ ಹುಟ್ಟಿಸಿದ ಅನಿಲವನ್ನು ಒಳಗೆ ಬಿಡುತ್ತಿದ್ದರು. ಅನಿಲ ಮೇಲ್ಪದರದ ಚಿಂದಿಯನ್ನು ಅತಿಯಾಗಿ ಸುಡುತ್ತಿತ್ತು, ಗಂಟಾಗಿ ಕುಳಿತ ಚಿಂದಿಯ ಒಳಗೆ ಹೊಗುತ್ತಲೇ ಇರಲಿಲ್ಲ. ಬಾಗಿಲು ತೆರೆದ ಕೆಲಸಗಾರರ ಶ್ವಾಸಕೋಶಕ್ಕೆ ಆಗುತ್ತಿದ್ದ ಹಾನಿ ಬೇರೆ. ಪುಡಿಯನ್ನು ನೀರಿನಲ್ಲಿ ಕದಡಿ ದ್ರವವಾಗಿ ಬಳಸುವ ಪದ್ಧತಿ ನೆಲೆಯೂರಿದ ಮೇಲೆ ಹಾಲೆಂಡರಿನ ತೊಟ್ಟಿಯೇ ಬಿಳುಪು ಯಂತ್ರವಾಯಿತು. ದ್ರವ ಹರಿಯುತ್ತದೆ, ತಿರುಳೂ ಹರಿಯುತ್ತದೆ, ಎರಡೂ ಒಂದೇ ತೊಟ್ಟಿಯಲ್ಲಿ ಸುತ್ತುತ್ತವೆ. ಇದಕ್ಕಿಂತ ಸರಳವಾದ ಪರಿಹಾರ ನನಗೆ ತೋಚುವುದಿಲ್ಲ, ಅದಕ್ಕಾಗಿಯೇ ಈ ಆಕಾರದ ಮೇಲೆ ನನಗೆ ಗೌರವ.

ಹರಿವಿನ ವಿಷಯದಲ್ಲಿ ನಮ್ಮ ಯಂತ್ರಕ್ಕೆ ಮುಕ್ಕಾಲು ಪಾಲು ಅಂಕ ಕೊಡುತ್ತೇನೆ. ದಿಬ್ಬದ ಎತ್ತರ ಸರಿಯಾಗಿದೆ, ಇಳಿಜಾರೂ ಸರಿಯಾಗಿದೆ. ಆದರೆ ಮೊದಲು ತಂದಾಗ ತೊಟ್ಟಿಯ ಗೋಡೆ ಮತ್ತು ತಳ ಕೂಡುವಲ್ಲಿ ನೇರ ಮೂಲೆಯಿತ್ತು. ತಗಡನ್ನು ಮಡಿಸಿ ವೆಲ್ಡ್ ಮಾಡುವವರಿಗೆ ನೇರ ಮೂಲೆ ಸುಲಭ; ಹಳೆಯ ಎರಕದ ಕಬ್ಬಿಣದ ತೊಟ್ಟಿಗಳ ತಳ ದುಂಡಗಿರುತ್ತಿದ್ದದ್ದು ಸುಮ್ಮನೆ ಅಲ್ಲ. ಪರೀಕ್ಷೆಗೆಂದು ಕೆಂಪು ಬಣ್ಣ ಹಾಕಿದ ಒಂದು ಹಿಡಿ ತಿರುಳನ್ನು ಉರುಳೆಯ ಮುಂದೆ ಹಾಕಿ ನೋಡಿದಾಗ, ನಡುಗೋಡೆಗೆ ತಾಗಿ ಹರಿಯುವ ಪಟ್ಟಿ ಬೇಗ ಬೇಗ ಸುತ್ತು ಮುಗಿಸುತ್ತಿತ್ತು, ಹೊರಗೋಡೆಯ ಪಟ್ಟಿ ತೆವಳುತ್ತಿತ್ತು. ದೂರದ ತಿರುವಿನ ಹೊರಮೂಲೆಯಲ್ಲಿ ಒಂದು ಕೆಂಪು ಮುದ್ದೆ ಕುಳಿತೇ ಬಿಟ್ಟಿತು. ಒಳದಾರಿ ಗಿಡ್ಡ, ಹೊರದಾರಿ ಉದ್ದ ಎಂಬ ಕಾರಣಕ್ಕೆ ಈ ವೇಗದ ಅಂತರ ಹಾಲೆಂಡರ್ ಆಕಾರದ ಹುಟ್ಟು ದೋಷ. ಹಳೆಯ ಕಾರ್ಖಾನೆಗಳಲ್ಲಿ ಉದ್ದ ಹಿಡಿಯ ಮರದ ಹುಟ್ಟಿನಿಂದ ಹೊರಬದಿಯ ತಿರುಳನ್ನು ಒಳಕ್ಕೆ ತಳ್ಳಲು ಒಬ್ಬ ಆಳು ನಿಲ್ಲುತ್ತಿದ್ದನು. ನಮ್ಮಲ್ಲೂ ಈಗ ಒಂದು ಹುಟ್ಟು ಗೋಡೆಗೆ ಒರಗಿ ನಿಂತಿದೆ. ಆದರೆ ಮೂಲೆಯ ಮುದ್ದೆ ಆಕಾರದ ದೋಷವಲ್ಲ, ಕಟ್ಟುವವರ ಅಸಡ್ಡೆ. ಕುಳಿತ ಮುದ್ದೆಗೆ ದ್ರವ ಸರಿಯಾಗಿ ತಲುಪುವುದಿಲ್ಲ, ತಲುಪಿದ ದ್ರವ ತೊಳೆದೂ ಹೋಗುವುದಿಲ್ಲ, ಕೊನೆಗೆ ಅದು ಹಳದಿ ಚುಕ್ಕೆಯಾಗಿ ಹಾಳೆಯಲ್ಲಿ ಬಂದು ಕೂರುತ್ತದೆ. ಯಂತ್ರವನ್ನು ಮರಳಿ ಕಳುಹಿಸಿ ಮೂಲೆಗಳಿಗೆ ಬಾಗಿದ ಪಟ್ಟಿ ಕೂಡಿಸಿಕೊಂಡು ಬಂದೆವು. ಆ ಕೆಲಸವನ್ನು ವರ್ಕ್‌ಶಾಪಿನವರು ಬೇಗ ಮಾಡಿಕೊಟ್ಟರೂ ಸಾಗಾಟದ ವೆಚ್ಚ ನಮ್ಮ ಮೇಲೆಯೇ ಬಿತ್ತು. ಹೊಸದಾಗಿ ಕಟ್ಟಿಸುವವರು ದುಂಡು ತಳವನ್ನು ಮೊದಲೇ ಬರೆದು ಕೊಡಬೇಕು.

ಇನ್ನು ಯಂತ್ರದ ಅತ್ಯುತ್ತಮ ಭಾಗಕ್ಕೆ ಬರುತ್ತೇನೆ. ಉರುಳೆಯ ಎದುರು ಬದಿಯಲ್ಲಿ, ಅಂದರೆ ನಡುಗೋಡೆಯ ಆಚೆಗೆ, ತೊಳೆಯುವ ಡ್ರಮ್ ಇದೆ. ಎಂಟು ಮುಖದ ಈ ಡ್ರಮ್ಮಿನ ಮೈಗೆ ಸಣ್ಣ ಕಣ್ಣಿನ ಜಾಲರಿ ಹೊದಿಸಿದೆ. ಒಳಗೆ ಬಾಗಿದ ತಗಡಿನ ಸೌಟುಗಳಿವೆ. ಅರ್ಧ ಮುಳುಗಿ ನಿಧಾನವಾಗಿ ತಿರುಗುವಾಗ ಕೊಳೆ ನೀರು ಜಾಲರಿಯ ಮೂಲಕ ಒಳಗೆ ನುಗ್ಗುತ್ತದೆ, ನಾರು ಹೊರಗೆ ಉಳಿಯುತ್ತದೆ. ಸೌಟುಗಳು ಆ ನೀರನ್ನು ಎತ್ತಿ ಟೊಳ್ಳಾದ ನಡು ದಂಡಕ್ಕೆ ಸುರಿಯುತ್ತವೆ, ಅಲ್ಲಿಂದ ಅದು ತೊಟ್ಟಿಯ ಹೊರಗೆ ಹರಿದು ಹೋಗುತ್ತದೆ. ಇನ್ನೊಂದು ತುದಿಯಲ್ಲಿ ಹೊಸ ನೀರು ಅಷ್ಟೇ ಪ್ರಮಾಣದಲ್ಲಿ ಬೀಳುತ್ತಿರಬೇಕು. ಕೈಚಕ್ರ ತಿರುಗಿಸಿದರೆ ಡ್ರಮ್ ಮೇಲೇಳುತ್ತದೆ. ಬಿಳುಪು ದ್ರವ ಹಾಕುವ ಮೊದಲು ಅದನ್ನು ಎತ್ತಲೇಬೇಕು, ಇಲ್ಲವಾದರೆ ಹಣ ಕೊಟ್ಟು ತಂದ ದ್ರವ ಚರಂಡಿಗೆ ಹೋಗುತ್ತದೆ. ನಮ್ಮ ಡ್ರಮ್ ಸದ್ದಿಲ್ಲದೆ ತಿರುಗುತ್ತದೆ, ಸೌಟುಗಳ ಬಾಗು ಸರಿಯಾಗಿರುವುದರಿಂದ ನೀರು ಹಿಂದಕ್ಕೆ ಚೆಲ್ಲುವುದಿಲ್ಲ, ಜಾಲರಿಯನ್ನು ಎಂಟು ಚೌಕಟ್ಟುಗಳಾಗಿ ಬಿಚ್ಚಿ ತೊಳೆಯಬಹುದು. ಈ ಒಂದು ಭಾಗಕ್ಕಾಗಿ ಆ ವರ್ಕ್‌ಶಾಪಿನ ಫಿಟ್ಟರುಗಳಿಗೆ ನಾನು ಮನಸಾರೆ ಕೃತಜ್ಞ.

ತೊಳೆಯಲು ಎಷ್ಟು ನೀರು ಬೇಕು ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಹೊಸ ನೀರು ಬೀಳುತ್ತಾ ಕೊಳೆ ನೀರು ಹೋಗುತ್ತಾ ಇರುವಾಗ, ಒಂದು ತೊಟ್ಟಿಯಷ್ಟು ನೀರು ಹಾದುಹೋದರೆ ಮೊದಲಿದ್ದ ರಾಸಾಯನಿಕದಲ್ಲಿ ಸುಮಾರು ಶೇ. 37 ಉಳಿದಿರುತ್ತದೆ, ಎರಡು ತೊಟ್ಟಿ ಹಾದರೆ ಶೇ. 14, ಮೂರಕ್ಕೆ ಶೇ. 5, ನಾಲ್ಕಕ್ಕೆ ಶೇ. 2ರ ಆಸುಪಾಸು. ಹೀಗಾಗಿ 250 ಲೀಟರಿನ ತೊಟ್ಟಿಗೆ ಕನಿಷ್ಠ 1,000 ಲೀಟರ್ ನೀರು ಬಿಳುಪಿನ ನಂತರದ ತೊಳೆತಕ್ಕೇ ಬೇಕು. ಬಿಳುಪಿನ ಮೊದಲಿನ ತೊಳೆತ ಬೇರೆ. ಹಾಯಿಸುವ ಮೊದಲು ಒಮ್ಮೆ ತಿರುಳನ್ನು ಪೂರ್ತಿ ಬಸಿದರೆ ಈ ಲೆಕ್ಕ ಬಹಳ ಇಳಿಯುತ್ತದೆ. ಹಳೆಯ ಕಾರ್ಖಾನೆಗಳಲ್ಲಿ ತೂತಿನ ಹಂಚಿನ ನೆಲವಿದ್ದ ಇಟ್ಟಿಗೆಯ ಕೋಣೆಗಳಿಗೆ ಬಿಳುಪಾದ ತಿರುಳನ್ನು ಇಳಿಸಿ ತಾನಾಗಿ ಬಸಿಯಲು ದಿನಗಟ್ಟಲೆ ಬಿಡುತ್ತಿದ್ದದ್ದು ಇದಕ್ಕಾಗಿಯೇ. ನಾವು ಪಾಚರಿನ ಪಕ್ಕದಲ್ಲಿ ಅಂಥದೇ ಒಂದು ಪುಟ್ಟ ಬಸಿ ತೊಟ್ಟಿ ಕಟ್ಟಿಸಿದ್ದೇವೆ.

ನೀರಿನ ಪ್ರಮಾಣದಷ್ಟೇ ಮುಖ್ಯವಾದದ್ದು ನೀರಿನ ಗುಣ. ನಮ್ಮದು ಮುರಕಲ್ಲಿನ ನೆಲ. ಇಲ್ಲಿನ ಎಷ್ಟೋ ಕೊಳವೆಬಾವಿಗಳ ನೀರು ಮೇಲೆತ್ತಿದಾಗ ತಿಳಿಯಾಗಿದ್ದು, ಗಾಳಿ ತಾಗಿ ಸ್ವಲ್ಪ ಹೊತ್ತಾದ ಮೇಲೆ ಕೆಂಪಾಗುತ್ತದೆ, ಅದರಲ್ಲಿರುವುದು ಕಬ್ಬಿಣ. ಅಂಥ ನೀರನ್ನು ಬ್ಲೀಚಿಂಗ್ ದ್ರವವಿರುವ ತಿರುಳಿಗೆ ಬಿಟ್ಟರೆ ಕಬ್ಬಿಣ ಆ ಕ್ಷಣವೇ ತುಕ್ಕಾಗಿ ನಾರಿನ ಮೇಲೆ ಕೂರುತ್ತದೆ, ಬೆಳ್ಳಗಾದ ತಿರುಳು ಮತ್ತೆ ಕೆನೆಬಣ್ಣಕ್ಕೆ ತಿರುಗುತ್ತದೆ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಈ ನೀರಿನ ಮುಂದೆ ಅದೇನೂ ಮಾಡಲಾರದು. ಹಂಚಿನ ಮಾಡಿನಿಂದ ಇಳಿಯುವ ಮಳೆನೀರಿನಲ್ಲಿ ಕಬ್ಬಿಣವಾಗಲಿ ಗಡಸುತನವಾಗಲಿ ಹೆಚ್ಚಿರುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಉಡುಪಿಯಲ್ಲಿ ಬಿಳುಪಿನ ಕೆಲಸಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲವೇ ಪ್ರಶಸ್ತ. ಹಾಳೆ ಒಣಗಿಸಲು ಅದು ಅತ್ಯಂತ ಕೆಟ್ಟ ಕಾಲ ಎಂಬುದು ನಿಜ. ಅದಕ್ಕೆ ನಾವು ಮಳೆಗಾಲದಲ್ಲಿ ತಿರುಳನ್ನು ಬಿಳುಪಾಗಿಸಿ, ಚೆನ್ನಾಗಿ ತೊಳೆದು, ಹಿಂಡಿ ದಪ್ಪ ರೊಟ್ಟಿಗಳಾಗಿ ಒತ್ತಿಟ್ಟು, ಬಿಸಿಲು ಬಂದ ಮೇಲೆ ಹಾಳೆ ಎತ್ತುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರಿಗೆ ಇಡೀ ಊರು ಕಾಯುವಾಗ ತೊಳೆಯುವ ಡ್ರಮ್ ತಿರುಗಿಸುವುದು ನ್ಯಾಯವೂ ಅಲ್ಲ.

ಬಿಳುಪು ದ್ರವದ ತಯಾರಿಯ ಬಗ್ಗೆ ಯಂತ್ರದ ಜೊತೆ ಕೊಟ್ಟ ಸೂಚನೆ ಒಂದೇ ವಾಕ್ಯದ್ದು: ಪುಡಿ ಹಾಕಿ ಅರ್ಧ ಗಂಟೆ ತಿರುಗಿಸಿ. ಇದು ತಪ್ಪು, ಯಾರೂ ಹಾಗೆ ಮಾಡಬಾರದು. ಪುಡಿಯನ್ನು ನೇರವಾಗಿ ತೊಟ್ಟಿಗೆ ಸುರಿದರೆ ಕರಗದ ಸುಣ್ಣದ ಕಣಗಳು ನಾರಿಗೆ ಮೆತ್ತಿಕೊಳ್ಳುತ್ತವೆ, ಪುಡಿಯ ಗಂಟು ತಾಗಿದಲ್ಲಿ ನಾರು ಸತ್ವ ಕಳೆದುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಗಳಲ್ಲಿ ಬೇರೆಯೇ ತೊಟ್ಟಿಯಲ್ಲಿ ಪುಡಿಯನ್ನು ಕದಡಿ, ಗಷ್ಟು ತಳಕ್ಕೆ ಇಳಿಯುವವರೆಗೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ತೆಗೆದು, ಟ್ವಾಡೆಲ್ ಹೈಡ್ರೋಮೀಟರಿನಿಂದ ಅದರ ಸಾಂದ್ರತೆ ಅಳೆದು ಬಳಸುತ್ತಿದ್ದರು. ಆ ಮಾಪಕದ 6 ಡಿಗ್ರಿ ಎಂದರೆ ಸಾಪೇಕ್ಷ ಸಾಂದ್ರತೆ 1.03. ಗಷ್ಟಿಗೆ ಮತ್ತೆ ನೀರು ಹಾಕಿ ಎರಡನೆಯ ತಿಳಿ ತೆಗೆದು, ಅದನ್ನು ಮುಂದಿನ ಪುಡಿಯನ್ನು ಕದಡಲು ಬಳಸುವುದೂ ವಾಡಿಕೆಯಾಗಿತ್ತು. ನಾವು ಹೀಗೆಯೇ ಮಾಡುತ್ತೇವೆ. ಒಂದು ಎಚ್ಚರಿಕೆ: ಒಳ್ಳೆಯ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಶೇ. 35ರ ಸುಮಾರಿಗೆ ಇರಬೇಕಾದರೂ, ಕರಾವಳಿಯ ಮಳೆಗಾಲದ ತೇವಕ್ಕೆ ಚೀಲ ಬಿಚ್ಚಿಟ್ಟರೆ ಅದು ಬೇಗನೆ ಇಳಿಯುತ್ತದೆ. ಹಳೆಯ ಪುಡಿಯನ್ನು ತೂಕ ನೋಡಿ ಹಾಕುವುದಕ್ಕಿಂತ ತಿಳಿಯ ಶಕ್ತಿಯನ್ನು ಪರೀಕ್ಷಿಸಿ ಹಾಕುವುದೇ ಸರಿ.

ತಿಳಿಯನ್ನು ಒಮ್ಮೆಲೇ ಹಾಕದೆ, ಉರುಳೆ ತಿರುಗುತ್ತಿರುವಾಗ ಎರಡು ಮೂರು ಕಂತುಗಳಲ್ಲಿ ಹಾಕಬೇಕು. ಬಿಸಿ ಮಾಡಿದರೆ ಕೆಲಸ ಬೇಗ ಆಗುತ್ತದೆ, ಆದರೆ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾರಿಗೆ ಪೆಟ್ಟು ಬೀಳುತ್ತದೆ. ನಮ್ಮ ಊರಿನ ಸಹಜ ಸೆಕೆಯೇ ಸಾಕು. ಹಿಂದೆ ಕೆಲವರು ಬೇಗ ಬಿಳುಪಾಗಲೆಂದು ಸ್ವಲ್ಪ ಗಂಧಕಾಮ್ಲ ಸೇರಿಸುತ್ತಿದ್ದರು. ಇದನ್ನು ಯಾರೂ ಅನುಕರಿಸಬಾರದು. ಆಮ್ಲ ತಾಗಿದ ಬ್ಲೀಚಿಂಗ್ ದ್ರವದಿಂದ ಕ್ಲೋರಿನ್ ಅನಿಲವೇ ಏಳುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಅದು ಪ್ರಾಣಾಪಾಯ. ದ್ರವ ತಟಸ್ಥ ಸ್ಥಿತಿಗೆ ಇಳಿದಾಗ ನಾರು ಅತಿ ಹೆಚ್ಚು ಸವೆಯುತ್ತದೆ ಎಂಬುದೂ ತಿಳಿದಿರಬೇಕು. ಬಿಳುಪಾಗುತ್ತಾ ಹೋದಂತೆ ದ್ರವದ ಕ್ಷಾರ ತಾನಾಗಿ ಇಳಿಯುವುದರಿಂದ, ಪಿಎಚ್ ಪಟ್ಟಿ ಹಿಡಿದು ಅದು 9ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳುತ್ತೇವೆ. ಈ ಕಾರಣಕ್ಕೆ ವಿದ್ಯುತ್ ಹೋಗುವುದು ಬರಿಯ ಅಡಚಣೆಯಲ್ಲ: ಉರುಳೆ ನಿಂತರೆ ತಿರುಳು ತಳಕ್ಕೆ ಕೂರುತ್ತದೆ, ದ್ರವ ಮೇಲೆ ಉಳಿಯುತ್ತದೆ, ಕರೆಂಟು ಬರುವ ಹೊತ್ತಿಗೆ ಒಂದೇ ತೊಟ್ಟಿಯಲ್ಲಿ ಎರಡು ಬಗೆಯ ತಿರುಳು ಇರುತ್ತದೆ. ಉರುಳೆಯ ದಂಡಕ್ಕೆ ಕೈಹಿಡಿ ಕೂಡಿಸುವ ಚೌಕ ತುದಿಯನ್ನು ಕೇಳಿ ಮಾಡಿಸಿಕೊಂಡದ್ದು ಉಪಯೋಗಕ್ಕೆ ಬಂದಿದೆ.

ತೊಳೆತ ಮುಗಿಯಿತೇ ಎಂದು ಮೂಗು ಹೇಳಲಾರದು. ಪೊಟ್ಯಾಸಿಯಂ ಅಯೋಡೈಡ್ ಮತ್ತು ಗಂಜಿ ಸವರಿ ಒಣಗಿಸಿದ ಪಟ್ಟಿಯ ಮೇಲೆ ಒಂದು ಮುಷ್ಟಿ ತಿರುಳನ್ನು ಹಿಂಡಬೇಕು. ಕ್ಲೋರಿನ್ ಉಳಿದಿದ್ದರೆ ಹನಿ ಬಿದ್ದಲ್ಲಿ ಪಟ್ಟಿ ನೀಲಿಯಾಗುತ್ತದೆ. ಹೆಚ್ಚಿದ್ದರೆ ಕಪ್ಪಿಗೆ ಹತ್ತಿರದ ನೀಲಿ, ಕಡಿಮೆಯಿದ್ದರೆ ಅಂಚಿನಲ್ಲಿ ನಸುನೇರಳೆ ಉಂಗುರ ಮಾತ್ರ. ಆ ಉಂಗುರವೂ ಮೂಡದಂತಾಗುವ ತನಕ ನಾವು ಡ್ರಮ್ ಎತ್ತುವುದಿಲ್ಲ. ನೀರು ಉಳಿಸಲೆಂದು ಕೊನೆಯ ಹಂತದಲ್ಲಿ ಕ್ಲೋರಿನ್ ಕೊಲ್ಲುವ ರಾಸಾಯನಿಕ ಹಾಕುವ ಪದ್ಧತಿ ಹಳೆಯದು. ಹಿಂದೆ ಫೋಟೋ ತೊಳೆಯುವವರು ಹೈಪೋ ಎನ್ನುತ್ತಿದ್ದ ಸೋಡಿಯಂ ಥಯೋಸಲ್ಫೇಟನ್ನೇ ಇದಕ್ಕೂ ಬಳಸುತ್ತಿದ್ದರು. ಅದು ಕ್ಲೋರಿನ್ನನ್ನು ಮುಗಿಸುತ್ತದೆ, ಆದರೆ ಆ ಕ್ರಿಯೆಯಲ್ಲಿ ಆಮ್ಲ ಹುಟ್ಟುತ್ತದೆ. ಅದನ್ನು ಮತ್ತೆ ತೊಳೆಯದಿದ್ದರೆ ಒಂದು ಕೇಡನ್ನು ಕಳೆದು ಇನ್ನೊಂದನ್ನು ಒಳಗಿಟ್ಟಂತೆ. ಸೋಡಿಯಂ ಸಲ್ಫೈಟ್ ಇದಕ್ಕಿಂತ ಮೇಲು. ಯಾವುದನ್ನು ಹಾಕಿದರೂ ಕೊನೆಗೆ ಒಂದು ತೊಟ್ಟಿ ಶುದ್ಧ ನೀರು ಹಾಯಲೇಬೇಕು.

ಇಷ್ಟೆಲ್ಲ ಜಾಗ್ರತೆ ಅತಿಯಾಯಿತೆಂದು ಯಾರಿಗಾದರೂ ಅನಿಸಿದರೆ, ಹತ್ತೊಂಬತ್ತನೆಯ ಶತಮಾನದ ಅನುಭವವನ್ನು ನೆನಪಿಸುತ್ತೇನೆ. ಕ್ಲೋರಿನ್ ಕಾಗದ ಬಂದು ಸುಮಾರು ಮೂರು ದಶಕ ಕಳೆಯುವಷ್ಟರಲ್ಲೇ, 1820ರ ದಶಕದಲ್ಲಿ, ಸ್ಕಾಟ್ಲೆಂಡಿನ ಜಾನ್ ಮರ್ರೆ ತನ್ನ ಬಳಿಯಿದ್ದ, ಕೆಲವೇ ವರ್ಷಗಳ ಹಿಂದೆ ಮುದ್ರಣಗೊಂಡಿದ್ದ ಬೈಬಲ್ಲಿನ ಹಾಳೆಗಳು ಪುಡಿಯಾಗುತ್ತಿರುವುದನ್ನು ಕಂಡು, ಬಿಳುಪಿನ ರಾಸಾಯನಿಕ ಮತ್ತು ಶಾಯಿ ಹರಡದಂತೆ ಹಾಳೆಗೆ ಸೇರಿಸುವ ಪಟಿಕದ ಮೇಲೆ ಬಹಿರಂಗವಾಗಿ ದೂರು ಹೇಳಿದ್ದನು. ಆಮೇಲೆ ಪಟಿಕ ಮತ್ತು ರಾಳ ಬೆರೆಸುವ ಪದ್ಧತಿ ಎಲ್ಲೆಡೆ ಹರಡಿತು, ಅರೆದ ಮರದ ತಿರುಳೂ ಬಂತು; ಹಾಳೆಗಳ ಆಯುಸ್ಸು ಇನ್ನೂ ಇಳಿಯಿತು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ತೆರೆದು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದ ಕಾಲದಿಂದ ಈ ಜಿಲ್ಲೆಗಳ ಮನೆಗಳಲ್ಲಿ ಮುದ್ರಿತ ಪುಸ್ತಕಗಳು ಸೇರುತ್ತಾ ಬಂದಿವೆ. ಕಟ್ಟಲು ನಮ್ಮ ಪರಿಚಯದವರ ಬಳಿ ಬರುವ ಹಳೆಯ ಪುಸ್ತಕಗಳಲ್ಲಿ ಕೆಲವು ನೂರು ವರ್ಷದ ಮೇಲೂ ಮಡಿಸಿದರೆ ಮುರಿಯುವುದಿಲ್ಲ, ಅವುಗಳ ಮಕ್ಕಳ ವಯಸ್ಸಿನ ಕೆಲವು ಬೆರಳು ತಾಗಿದರೆ ಉದುರುತ್ತವೆ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದವರು ಬಿಳುಪಿನ ತೊಟ್ಟಿಯ ಮುಂದೆ ಅವಸರ ಮಾಡಲಾರರು.

ಈಗ ಯಂತ್ರದ ದೊಡ್ಡ ಕೊರತೆ: ಲೋಹ. ಇಡೀ ತೊಟ್ಟಿಯನ್ನು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಟ್ಟಲಾಗಿದೆ. ಹಾಲಿನ ಡೇರಿಗೆ, ಹೋಟೆಲಿನ ಅಡುಗೆಮನೆಗೆ ಅದು ಉತ್ತಮ ಲೋಹ. ಕ್ಲೋರಿನ್ ದ್ರವಕ್ಕೆ ಅಲ್ಲ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ವೆಲ್ಡಿನ ಗೆರೆಗಳ ಉದ್ದಕ್ಕೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಂಡವು, ಉಗುರಿನಿಂದ ಕೆರೆದರೆ ಚುಕ್ಕೆಯ ಕೆಳಗೆ ಕುಳಿ ಇತ್ತು. ಕುಳಿಯಿಂದ ಕಬ್ಬಿಣ ಬಿಡುತ್ತದೆ, ಕಬ್ಬಿಣ ಹಾಳೆಗೆ ಸೇರುತ್ತದೆ. ವಿಚಾರಿಸಿದಾಗ ಕ್ಲೋರಿನ್ನನ್ನು ಹೆಚ್ಚು ತಾಳುವ 316 ದರ್ಜೆ ದುಬಾರಿಯೆಂದೂ, ನಾವು ಬರೆದು ಕೇಳಿರಲಿಲ್ಲವೆಂದೂ ಉತ್ತರ ಬಂತು. ಬ್ಲೀಚಿಂಗ್‌ಗೆ ಎಂದೇ ಹೇಳಿ ಕಟ್ಟಿಸಿದ ಯಂತ್ರಕ್ಕೆ ಈ ಉತ್ತರ ಸಾಲದು. ನಿಜ ಹೇಳಬೇಕೆಂದರೆ 316 ಕೂಡ ಪೂರ್ಣ ರಕ್ಷಣೆಯಲ್ಲ. ಹಳೆಯವರು ತೊಟ್ಟಿಯ ಒಳಮೈಗೆ ಗಾಜುಮೆರುಗಿನ ಬಿಳಿ ಟೈಲು ಹಚ್ಚುತ್ತಿದ್ದರು. 1865ರಲ್ಲಿ ಹಂಚಿನ ಕಾರ್ಖಾನೆ ಕಂಡ ಮಂಗಳೂರಿನ ಕೆಂಪು ಹಂಚು ಇದಕ್ಕೆ ಆಗದು, ಅದು ಮೆರುಗಿಲ್ಲದ ಜೇಡಿ, ದ್ರವವನ್ನು ಹೀರುತ್ತದೆ. ಸಿಮೆಂಟ್ ತೊಟ್ಟಿಗೆ ಮೆರುಗಿನ ಟೈಲು, ಇಲ್ಲವೇ ಫೈಬರ್‌ಗ್ಲಾಸ್ ತೊಟ್ಟಿ, ಇವೆರಡೇ ನಮ್ಮಲ್ಲಿ ಬಾಳುವ ದಾರಿ. ಮಲ್ಪೆ ಬಂದರಿನಲ್ಲಿ ದೋಣಿಗಳಿಗೆ ಫೈಬರ್ ಹಚ್ಚುವ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ನಮ್ಮ ತೊಟ್ಟಿಯ ಒಳಮೈಗೂ ಅಂಥ ಒಬ್ಬರಿಂದ ಲೇಪ ಹಾಕಿಸಿದೆವು, ಎರಡನೆಯ ಮಳೆಗಾಲದಲ್ಲಿ ಚುಕ್ಕೆ ಮರುಕಳಿಸಿಲ್ಲ.

ಜಾಲರಿಯಲ್ಲೂ ಇಂಥದೇ ಪ್ರಶ್ನೆ. ವರ್ಕ್‌ಶಾಪಿನವರು ಕಂಚಿನ ಜಾಲರಿ ಕೊಟ್ಟಿದ್ದರು, ನೋಡಲು ಸುಂದರವಾಗಿತ್ತು, ಹಳೆಯ ಕಾರ್ಖಾನೆಗಳಲ್ಲಿ ಅದೇ ಇತ್ತು ಎಂಬುದೂ ಸರಿ. ಆದರೆ ತಾಮ್ರದ ಅಂಶ ಹೈಡ್ರೋಜನ್ ಪೆರಾಕ್ಸೈಡನ್ನು ಬೇಗ ಒಡೆದುಬಿಡುತ್ತದೆ. ನಾವು ಬಾಳೆನಾರಿಗೆ ಈಗ ಪೆರಾಕ್ಸೈಡನ್ನೇ ಬಳಸುತ್ತೇವೆ, ಅದಕ್ಕಾಗಿ ನೈಲಾನ್ ಜಾಲರಿಗೆ ಬದಲಾಯಿಸಿಕೊಂಡೆವು. ಬಾಳೆನಾರಿನಲ್ಲಿ ಹತ್ತಿಗಿಲ್ಲದ, ನಾರುಗಳನ್ನು ಬೆಸೆದಿಡುವ ಲಿಗ್ನಿನ್ ಎಂಬ ಅಂಶ ಇದೆ. ಅದಕ್ಕೆ ಕ್ಲೋರಿನ್ ಸೇರಿದರೆ ಹೊರಹೋಗುವ ನೀರಿನಲ್ಲಿ ಬಹುಕಾಲ ಕೊಳೆಯದೆ ಉಳಿಯುವ ಕ್ಲೋರಿನ್ ಸಂಯುಕ್ತಗಳು ಹುಟ್ಟುತ್ತವೆ. ದೊಡ್ಡ ಕಾರ್ಖಾನೆಗಳ ಬಿಳುಪಿನ ನೀರಿನಲ್ಲಿ ಡಯಾಕ್ಸಿನ್ ಎಂಬ ವಿಷ ಇದೆಯೆಂದು 1980ರ ದಶಕದಲ್ಲಿ ಬೆಳಕಿಗೆ ಬಂದ ಮೇಲೆ ಜಗತ್ತಿನ ಕಾಗದೋದ್ಯಮ ಶುದ್ಧ ಕ್ಲೋರಿನ್ನನ್ನು ಬಿಟ್ಟು ಕ್ಲೋರಿನ್ ಡಯಾಕ್ಸೈಡ್, ಆಮ್ಲಜನಕ, ಪೆರಾಕ್ಸೈಡುಗಳತ್ತ ತಿರುಗಿತು. ಐದು ಸೆಂಟ್ಸ್ ಜಾಗಕ್ಕೊಂದು ಬಾವಿ ಇರುವ ಊರಿನಲ್ಲಿ ನಮ್ಮಂಥ ಸಣ್ಣವರಿಗೂ ಈ ಜವಾಬ್ದಾರಿ ತಪ್ಪಿದ್ದಲ್ಲ. ಹತ್ತಿಯ ತೊಳೆನೀರನ್ನು ಸಹ ಸಲ್ಫೈಟ್ ಹಾಕಿ, ಪಟ್ಟಿ ನೀಲಿಯಾಗುವುದಿಲ್ಲವೆಂದು ಖಚಿತವಾದ ಮೇಲೆ, ಗಷ್ಟು ಇಳಿಯುವ ಎರಡು ಗುಂಡಿಗಳ ಮೂಲಕವೇ ಬಿಡುತ್ತೇವೆ. ಪೆರಾಕ್ಸೈಡಿಗೆ 60 ಡಿಗ್ರಿಗಿಂತ ಮೇಲಿನ ಬಿಸಿ ಬೇಕು; ಈ ಪಾಚರಿಗೆ ಬಿಸಿಯ ವ್ಯವಸ್ಥೆಯೇ ಇಲ್ಲ, ಕಾಯಿಸಿದ ನೀರನ್ನು ಹೊತ್ತು ತಂದು ಸುರಿಯಬೇಕು. ಮುಚ್ಚಳವೂ ಇಲ್ಲದಿರುವುದರಿಂದ ಬಿಸಿ ನಿಲ್ಲುವುದಿಲ್ಲ.

ಶೇ. 4ರ ದಪ್ಪ ಮೀರಿದರೆ ಉರುಳೆ ಏದುಸಿರು ಬಿಡುತ್ತದೆ. ಜರ್ಮನಿಯ ಬೆಲ್‌ಮರ್ ಮಾದರಿಯ ಬಿಳುಪು ತೊಟ್ಟಿಗಳಲ್ಲಿ ಉರುಳೆಯ ಬದಲು ತಿರುಪಿನಂಥ ನೂಕುಚಕ್ರ ಇದ್ದು, ಇದಕ್ಕಿಂತ ದಪ್ಪನೆಯ ತಿರುಳನ್ನು ಸುತ್ತಿಸುತ್ತಿದ್ದವು. ದಪ್ಪ ಹೆಚ್ಚಿದಷ್ಟೂ ರಾಸಾಯನಿಕ ಕಡಿಮೆ ಸಾಕಾಗುತ್ತದೆ. ದಿನಕ್ಕೆ ಹತ್ತಾರು ಕಿಲೋ ಮಾಡುವವರಿಗೆ ಆ ಗೊಡವೆ ಬೇಡ, ಕ್ವಿಂಟಾಲ್ ಲೆಕ್ಕದಲ್ಲಿ ಮಾಡುವವರು ಪಾಚರನ್ನು ಬಿಟ್ಟು ಅದನ್ನೇ ಯೋಚಿಸಬೇಕು.

ಯಂತ್ರಕ್ಕೆ ಎರಡು ಲಕ್ಷ ರೂಪಾಯಿಗೆ ಸಮೀಪವಾಯಿತು. ಫೈಬರ್ ಲೇಪ, ನೈಲಾನ್ ಜಾಲರಿ ಮತ್ತು ಬಸಿ ತೊಟ್ಟಿಯ ಖರ್ಚು ಅದರ ಮೇಲೆ. ಹತ್ತಿ ಚಿಂದಿಯಿಂದ ಬಾಳಿಕೆಯ ಹಾಳೆ ಮಾಡುವವರಿಗೆ ನಾನು ಇದನ್ನು ಧೈರ್ಯವಾಗಿ ಸೂಚಿಸುತ್ತೇನೆ. ಬಾಳೆನಾರು, ಅನಾನಸು ಎಲೆ, ಹುಲ್ಲು ಮೊದಲಾದವುಗಳನ್ನೇ ಹೆಚ್ಚು ಬಳಸುವವರು ಬಿಸಿಯ ವ್ಯವಸ್ಥೆಯಿಲ್ಲದ ಈ ರೂಪದಲ್ಲಿ ತೆಗೆದುಕೊಳ್ಳಬಾರದು. ಆರ್ಡರ್ ಕೊಡುವಾಗ ದುಂಡು ತಳ, ಫೈಬರ್ ಅಥವಾ ಟೈಲಿನ ಒಳಮೈ, ನೈಲಾನ್ ಜಾಲರಿ, ಮುಚ್ಚಳ, ಕೈಯಿಂದ ತಿರುಗಿಸುವ ದಂಡದ ತುದಿ ಇವನ್ನು ಕಾಗದದ ಮೇಲೆ ಬರೆದು ಸಹಿ ಹಾಕಿಸಿಕೊಳ್ಳಿ. ತೊಳೆಯುವ ಡ್ರಮ್ಮನ್ನು ಮಾತ್ರ ಅವರು ಮಾಡುವಂತೆಯೇ ಮಾಡಲು ಬಿಡಿ.